ಗಾಳಿ ಕೂರಿಗೆಯ ಹಿಮ್ಮಡಿ

ಪೀಣ್ಯ ಎರಡನೇ ಹಂತ. ನಮ್ಮ ಶೀಟು ಶೆಡ್ಡಿನೊಳಗೆ
ನಲವತ್ತಡಿ ಉದ್ದದ ಒಂದು ಕಬ್ಬಿಣದ ದೋಣಿ,
ಅದರ ತುಂಬ ಮಣ್ಣು.
ಊರೆಲ್ಲ ಕಾಂಕ್ರೀಟು ಸುರಿಯುವಾಗ
ಲಾರಿ ಬಾಡಿಗೆ ತೆತ್ತು ಮಣ್ಣು ತರಿಸಿದ ಹುಚ್ಚಿ ನಾನೇ:
ಈ ತುದಿಗೆ ಚಿಂತಾಮಣಿಯ ಕೆಂಪು,
ಆ ತುದಿಗೆ ಕುಷ್ಟಗಿಯ ಎರೆ.
ಮೊದಲ ದಿನ ಗೇಟಿನ ಕಾವಲುಗಾರ ದಯಾಮಣಿ
ದನಿ ತಗ್ಗಿಸಿ ಕೇಳಿದ:
"ಮೇಡಂ, ಯಾರನ್ನ ಹೂಳೋದು?"

ಗಾಳಿ ಕೂರಿಗೆಗೆ ಹೊಟ್ಟೆಯಿದೆ, ಕರುಳಿದೆ.
ಫ್ಯಾನು ಊದಿದರೆ ಸಜ್ಜೆ ನಳಿಗೆಯೊಳಗೆ
ಸರಸರ ಓಡಿ ಬರುತ್ತದೆ,
ಸಡ್ಡೆ ಹಿಡಿದು ಬಟ್ಟಲಿಗೆ ಬಿಡುವ ಮುಷ್ಟಿಯ ಹಂಗಿಲ್ಲದೆ.
ಇಲ್ಲದ್ದು ಎರಡೇ.
ಮಣ್ಣು ತೆರೆಯಲೊಂದು ಬಾಯಿ,
ಮುಚ್ಚಿದ ಮೇಲೆ ಒತ್ತಲೊಂದು ಹಿಮ್ಮಡಿ.

ಬೆಂಚಿನ ಮೇಲೆ ಕುಳಗಳು,
ನಾನು ಗಂಡು ನೋಡಲು ಬಂದವಳ ಹಾಗೆ ಎದುರಿಗೆ.
ತಟ್ಟೆ ಕುಳಕ್ಕೆ ಮಾತು ಕಡಿಮೆ, ನಡಿಗೆ ನಯ.
ಆದರೆ ಒದ್ದೆ ಎರೆ ಮುಟ್ಟಿದ್ದೇ
ಹಿಟ್ಟು ನಾದಿದ ಕೈಯಾಗುತ್ತದೆ.
ಕೂಳೆ ಅಡ್ಡ ಬಂದರೆ ಕತ್ತರಿಸದೆ, ಮಡಚಿ
ಸಾಲಿನೊಳಕ್ಕೇ ತುರುಕುತ್ತದೆ;
ಬೀಜ ಹುಲ್ಲಿನ ಹಾಸಿಗೆಯಲ್ಲಿ ಸುಖವಾಗಿ ಮಲಗಿ
ಸುಖವಾಗಿ ಒಣಗುತ್ತದೆ.
ಚೂರಿ ಕುಳ ಕಲ್ಲಿಗೂ ಅಂಜದು.
ಅವಸರ ಮಾಡಿದಿರೋ,
ಪಕ್ಕದ ಸಾಲಿನ ಮೇಲೆ ಮಣ್ಣೆರಚುವ ಜಗಳಗಂಟ.
ಬಾತುಕಾಲು ಕುಳವನ್ನು ಲೇಥಿನ ಮುಬೀನಾ
ಎತ್ತಿ ನೋಡಿ, ನಕ್ಕು, ಕೆಳಗಿಟ್ಟಳು.
ಅಷ್ಟೇ ಅದರ ಪಾಡು.

ಹಿಂದಿನ ಗಾಲಿಯದೇ ನಿಜವಾದ ತಲೆನೋವು.
ರಬ್ಬರೋ, ಉಕ್ಕೋ? ಅಗಲ ಎಷ್ಟು, ಭಾರ ಎಷ್ಟು?
ಕಡಿಮೆ ಒತ್ತಿದರೆ ಬೀಜ ತೊಟ್ಟಿಲಲ್ಲಿ ಅಲ್ಲಾಡುತ್ತದೆ,
ಹೆಚ್ಚು ಒತ್ತಿದರೆ ಮೇಲೆ ಹೆಪ್ಪುಗಟ್ಟಿ
ಮೊಳಕೆ ಹಣೆ ಚಚ್ಚಿಕೊಳ್ಳುತ್ತದೆ.
ನನ್ನ ಹಾಳೆಯ ತುಂಬ ಅಂಕಿಗಳು,
ಹೊಡೆದು ಹಾಕಿದ ಅಂಕಿಗಳು.

ಹೆಬ್ಬಾಳದ ತಾಕುಗಳಲ್ಲಿ ಮೂವತ್ತು ವರ್ಷ ನಡೆದ
ವೆಂಕಟರೋಣಪ್ಪ ಮೆಟ್ರೋ ಇಳಿದು ಬಂದರು.
ಶೂ ಬಿಚ್ಚಿದರು, ಕಾಲುಚೀಲ ಮಡಚಿ ಜೇಬಿಗಿಟ್ಟರು,
ದೋಣಿ ಹತ್ತಿ ಸಾಲಿನ ಮೇಲೆ ಹಿಮ್ಮಡಿ ಊರಿದರು.
"ಇಷ್ಟು."
"ಇಷ್ಟು ಅಂದರೆ ಎಷ್ಟು ಕಿಲೋ, ಸಾರ್?"
"ಹಾಲು ಕುಡಿದ ಮಗೂಗೆ ಬೆನ್ನು ತಟ್ಟಿ
ತೇಗು ಬರಿಸ್ತೀವಲ್ಲ, ಅಷ್ಟು.
ಒಳಗಿನ ಗಾಳಿ ಹೋಗಬೇಕಮ್ಮ."

ಆರು ತಿಂಗಳಿಂದ ನಾನು
ಬೀಜಕ್ಕೆ ಗಾಳಿ ತುಂಬುವ ಲೆಕ್ಕದಲ್ಲಿದ್ದೆ.
ಹೊತ್ತು ತಂದ ಗಾಳಿಯನ್ನೇ
ಹೊಸ್ತಿಲಲ್ಲಿ ತಡೆದು ಕಳಿಸುವುದಕ್ಕೆ
ಈ ಗಾಲಿ ಅಂತ
ಯಾವ ಕ್ಯಾಟಲಾಗೂ ಹೇಳಿರಲಿಲ್ಲ.

ಶುಕ್ರವಾರ ಸಂಘದ ಪರವಾಗಿ ಹುಲಿಗೆಮ್ಮ ಬಂದಳು,
ರಾತ್ರಿ ಬಸ್ಸಿನ ನಿದ್ದೆ ಕಣ್ಣಲ್ಲಿ.
ತಮ್ಮೂರಿನ ಎರೆಯನ್ನು ಹಿಡಿ ಎತ್ತಿ
ಉಂಡೆ ಕಟ್ಟಿ, ಎದೆಯೆತ್ತರದಿಂದ ಬಿಟ್ಟಳು.
ಒಡೆಯಿತು. "ಈಗ ಹದ ಐತ್ರಿ. ಓಡಿಸ್ರಿ."
ಮೂರೂ ಕುಳ ಓಡಿದವು. ಅವಳು ಕುಳ ನೋಡಲೇ ಇಲ್ಲ,
ಬೆರಳಲ್ಲಿ ಸಾಲು ಕೆದಕಿ ಕೆದಕಿ ಬೀಜ ಹುಡುಕಿದಳು.
"ಕೆಂಪಿಗೊಂದು, ಎರಿಗೊಂದು ಇರ್ಲಿ.
ಒಂದ ಜೋಡ ಚಪ್ಪಲಿ ಊರಿಗೆಲ್ಲಾ ಆಗತೈತೇನ್ರಿ?"
ಚೂರಿಗೆ ಗುರುತು ಹಾಕಿಸಿ, ಗಾಲಿಯ ಖಾನೆ
ಖಾಲಿ ಬಿಟ್ಟು ಹೋದಳು:
"ಅದನ್ನ ನೀವ ಬರೀರಿ, ಓದಿದವರು."

ಒಂಬತ್ತು ದಿನ ಬರೆಯಲಿಲ್ಲ.
ಹತ್ತನೆಯ ಬೆಳಗ್ಗೆ ದಯಾಮಣಿ ಗೇಟಿನಲ್ಲೇ ತಡೆದ.
"ಮೇಡಂ, ಹೂತಿದ್ದು ಎದ್ದಿದೆ."
ಗುಡಿಸಿ ಹೊರಗೆ ಹಾಕಿದ ಮಣ್ಣು, ಟ್ಯಾಂಕರಿನ ನೀರು,
ಯಾರದೋ ಎಡಗಾಲು.
ಬೆರಳ ಗುರುತಿನಲ್ಲಿ ಏನೂ ಇಲ್ಲ,
ಹಿಮ್ಮಡಿಯ ಗುಂಡಿಯಲ್ಲಿ ಏಳು ಸಜ್ಜೆ.

ಹಿಂದೆ ಟೆಂಪೋ ಹಾರನ್ನು ಹೊಡೆಯುತ್ತಲೇ ಇತ್ತು.
ಮಂಡಿಯೂರಿ, ಬ್ಯಾಗಿನಿಂದ ಸ್ಕೇಲು ತೆಗೆದು
ಅಗಲ ಅಳೆದೆ:
ಎರಡೂಕಾಲು ಇಂಚು.